ಗದಗ, ಲಕ್ಕುಂಡಿ, ಡಂಬಳದ ಸೈಕಲ್ ಸುತ್ತಿಗೆ ಸರ್ವೇ ಆಫ್ ಇಂಡಿಯಾದ ನಕ್ಷೆ

ಗದಗದಿಂದ ಲಕ್ಕುಂಡಿ, ಅಲ್ಲಿಂದ ಡಂಬಳ, ಸಂಜೆಯೊಳಗೆ ಮರಳಿ ಗದಗ ಎಂದು ಒಂದು ದಿನದ ಸೈಕಲ್ ಸುತ್ತನ್ನು ಯೋಜಿಸುವವರು ಈಗ ಸಾಮಾನ್ಯವಾಗಿ ಮೊಬೈಲಿನಲ್ಲಿ ಊರ ಹೆಸರು ಒತ್ತಿ, ಮೂಡಿದ ನೀಲಿ ಗೆರೆಯನ್ನು ನಂಬಿ ಹೊರಡುತ್ತಾರೆ. ಕಾರಿನವರಿಗೆ ಆ ಗೆರೆ ಸಾಕು. ಸೈಕಲ್ಲಿನವರಿಗೆ ಏರು ಎಲ್ಲಿದೆ, ಹಳ್ಳ ಎಲ್ಲಿ ಅಡ್ಡ ಬರುತ್ತದೆ, ಹೆದ್ದಾರಿ ಬಿಟ್ಟು ಇಳಿಯಲು ಹಳ್ಳಿಯ ದಾರಿ ಉಂಟೇ ಎಂಬುದು ಮೊದಲೇ ತಿಳಿದಿರಬೇಕಾಗುತ್ತದೆ. ಇದನ್ನು ಒಂದೇ ಹಾಳೆಯಲ್ಲಿ ಹೇಳುವ ಸರಕು ಹೊಸದೇನೂ ಅಲ್ಲ. 1767ರಲ್ಲಿ ಸ್ಥಾಪನೆಯಾದ, ದೇಶದ ನಕ್ಷೆಗಳನ್ನು ತಯಾರಿಸುವ ಸರ್ಕಾರಿ ಇಲಾಖೆ ಸರ್ವೇ ಆಫ್ ಇಂಡಿಯಾ ಪ್ರಕಟಿಸುವ 1:50,000 ಪ್ರಮಾಣದ ಸ್ಥಳಾಕೃತಿ ನಕ್ಷೆ, ಅಂದರೆ ಬಳಸುವವರು ಟೋಪೋಶೀಟ್ ಎನ್ನುವ ಹಾಳೆ, ಈ ಸೀಮೆಯ ತಿರುಗಾಟಕ್ಕೆ ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದನ್ನು ಇಲ್ಲಿ ಪರಿಶೀಲಿಸಿದ್ದೇನೆ.

ಮೊದಲನೆಯದಾಗಿ ಬೆಲೆಯ ಮಾತು. 2005ರ ರಾಷ್ಟ್ರೀಯ ನಕ್ಷಾ ನೀತಿಯು ಸೇನೆಯ ಬಳಕೆಯ ನಕ್ಷೆಗಳನ್ನೂ ಸಾರ್ವಜನಿಕರ ನಕ್ಷೆಗಳನ್ನೂ ಬೇರ್ಪಡಿಸಿತು. 2017ರಲ್ಲಿ ಇಲಾಖೆಯು ಸಾರ್ವಜನಿಕ ಸರಣಿಯ ಹಾಳೆಗಳನ್ನು, ಆಧಾರ್ ಮೂಲಕ ಗುರುತು ದೃಢಪಡಿಸಿದ ಭಾರತೀಯರಿಗೆ ಪಿಡಿಎಫ್ ರೂಪದಲ್ಲಿ ಉಚಿತವಾಗಿ ತೆರೆದಿಟ್ಟಿತು. ಹೀಗಾಗಿ ಖರ್ಚೆಂದರೆ ಮುದ್ರಣದ್ದು ಮಾತ್ರ. ಪ್ರತಿ ಹಾಳೆ ಅಕ್ಷಾಂಶ ರೇಖಾಂಶಗಳಲ್ಲಿ 15 ನಿಮಿಷದ ಚೌಕವನ್ನು ಒಳಗೊಳ್ಳುತ್ತದೆ; ನಮ್ಮ ಭಾಗದಲ್ಲಿ ಅದು ಹೆಚ್ಚುಕಡಿಮೆ 27 ಕಿಮೀ ಉದ್ದ, 27 ಕಿಮೀ ಅಗಲದ ನೆಲ. ಹಳೆಯ ಸಂಖ್ಯಾಕ್ರಮದಲ್ಲಿ ಗದಗ ಮತ್ತು ಲಕ್ಕುಂಡಿ 48ಎಂ/11ರಲ್ಲಿ ಬಂದರೆ, ಡಂಬಳವು ಪಕ್ಕದ 48ಎಂ/15ಕ್ಕೆ ಜಾರುತ್ತದೆ. ನಾವು ಹೋಗಬೇಕೆಂದ ಊರು ಹಾಳೆಯ ಅಂಚಿನಾಚೆ ಬೀಳುವುದು ಟೋಪೋಶೀಟಿನ ಹಳೆಯ ಚಾಳಿ, ಆದ್ದರಿಂದ ಎರಡೂ ಹಾಳೆಗಳನ್ನು ಇಳಿಸಿಕೊಂಡು ಅಂಚಿಗೆ ಅಂಚು ಸೇರಿಸಿಕೊಳ್ಳಬೇಕು.

ಮುದ್ರಣದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಝೆರಾಕ್ಸ್ ಅಂಗಡಿಯಲ್ಲಿ ಇಡೀ ಹಾಳೆಯನ್ನು ಎ4 ಕಾಗದಕ್ಕೆ ಕುಗ್ಗಿಸಿ ಕೊಟ್ಟರೆ ಊರ ಹೆಸರುಗಳೂ ಓದಲಾಗದಷ್ಟು ಸಣ್ಣದಾಗುತ್ತವೆ, ಪ್ರಮಾಣವೂ ಕೆಡುತ್ತದೆ. ಬೇಕಾದ ಭಾಗವನ್ನಷ್ಟೇ ಆರಿಸಿ, ಮೂಲ ಅಳತೆಯಲ್ಲೇ ಮುದ್ರಿಸಿ ಎಂದು ಹೇಳಬೇಕು. ಆಗ 2 ಸೆಂಟಿಮೀಟರ್ ಎಂದರೆ ನೆಲದ ಮೇಲೆ 1 ಕಿಮೀ. ಹೊಲಿಗೆಯ ದಾರವೊಂದನ್ನು ತೆಗೆದುಕೊಂಡು ಲಕ್ಕುಂಡಿಯ ಮೇಲೆ ಬೆರಳಿನಿಂದ ಒತ್ತಿ ಹಿಡಿದು, ರಸ್ತೆಯ ಪ್ರತಿ ಡೊಂಕನ್ನೂ ಅನುಸರಿಸುತ್ತ ಡಂಬಳದವರೆಗೆ ಎಳೆದು, ಬಳಿಕ ಆ ದಾರವನ್ನು ಹಾಳೆಯ ಕೆಳಗಿನ ಅಳತೆಪಟ್ಟಿಯ ಮೇಲೆ ನೀಟಾಗಿ ಚಾಚಿದರೆ ದೂರ ಸಿಗುತ್ತದೆ. ಈ ಕೆಲಸವನ್ನು ಮೊಬೈಲು ಕ್ಷಣದಲ್ಲಿ ಮಾಡುತ್ತದೆ, ನಿಜ. ಆದರೆ ದಾರ ಹಿಡಿದು ಅಳೆಯುವಾಗ ಪ್ರತಿ ತಿರುವೂ ಪ್ರತಿ ಹಳ್ಳವೂ ಕಣ್ಣಡಿ ಹಾದುಹೋಗುವುದರಿಂದ, ದಾರಿಯಲ್ಲಿ ಹಾಳೆಯನ್ನು ಪದೇ ಪದೇ ಬಿಚ್ಚುವ ಪ್ರಮೇಯ ಬರುವುದಿಲ್ಲ. ಗದಗದಿಂದ ಲಕ್ಕುಂಡಿ ಸುಮಾರು 12 ಕಿಮೀ, ಡಂಬಳದಿಂದ ಗದಗ 20 ಕಿಮೀಗೆ ತುಸು ಹೆಚ್ಚು; ಒಟ್ಟು ಸುತ್ತು 50 ಕಿಮೀ ಆಸುಪಾಸಿನದು.

ನಕ್ಷೆಯ ನಿಜವಾದ ಬೆಲೆ ಕಂದು ಬಣ್ಣದ ಸಮೋನ್ನತಿ ರೇಖೆಗಳಲ್ಲಿ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳಲ್ಲಿದೆ. ಒಂದು ರೇಖೆಗೂ ಮುಂದಿನದಕ್ಕೂ 20 ಮೀಟರ್ ಎತ್ತರದ ವ್ಯತ್ಯಾಸ. ಬಯಲುಸೀಮೆಯೆಂದರೆ ಸಪಾಟು ಎಂಬ ಭಾವನೆ ನಮ್ಮಲ್ಲಿದೆ, ಆದರೆ ಸುಮಾರು 650 ಮೀಟರ್ ಎತ್ತರದ ಗದಗದಿಂದ ಆಗ್ನೇಯಕ್ಕೆ ನೆಲವು ತುಂಗಭದ್ರೆಯ ಕಡೆ ಇಳಿಯುತ್ತ ಹೋಗುತ್ತದೆ. ಬೆಳಿಗ್ಗೆ ಹಗುರಾಗಿ ಉರುಳಿದ ದಾರಿಯೇ ಮಧ್ಯಾಹ್ನದ ಬಿಸಿಲಿನಲ್ಲಿ ಏರಾಗಿ ಎದುರಾಗುತ್ತದೆ ಎಂಬುದನ್ನು ರೇಖೆಗಳ ಪಕ್ಕದ ಅಂಕಿ ಓದಿದವರು ಮನೆಯಲ್ಲೇ ತಿಳಿಯಬಲ್ಲರು. ಹಳ್ಳಗಳ ಚಿತ್ರಣವೂ ಅಷ್ಟೇ ಉಪಯುಕ್ತ: ನೀರಿರುವುದನ್ನು ನೀಲಿಯಲ್ಲಿ, ಬತ್ತುವುದನ್ನು ಕಪ್ಪಿನಲ್ಲಿ ತೋರಿಸಲಾಗುತ್ತದೆ. ರಸ್ತೆಯನ್ನು ಹಳ್ಳ ಕತ್ತರಿಸುವಲ್ಲಿ ಸೇತುವೆಯ ಗುರುತಿಲ್ಲದಿದ್ದರೆ ಮಳೆಗಾಲದಲ್ಲಿ ಆ ದಾರಿಯನ್ನು ಬಿಟ್ಟುಬಿಡುವುದು ಲೇಸು.

ಇನ್ನು ಹೆದ್ದಾರಿ. ಹುಬ್ಬಳ್ಳಿಯಿಂದ ಹೊಸಪೇಟೆಯ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 67 ಲಕ್ಕುಂಡಿಯನ್ನು ಮುಟ್ಟುತ್ತದೆ, ಆದರೆ ಭಾರಿ ಲಾರಿಗಳ ಪಕ್ಕದಲ್ಲಿ ಸೈಕಲ್ ತುಳಿಯುವುದರಲ್ಲಿ ಸುಖವಿಲ್ಲ. ಟೋಪೋಶೀಟಿನಲ್ಲಿ ಹಳ್ಳಿಯಿಂದ ಹಳ್ಳಿಗೆ ಹೋಗುವ ಚಕ್ಕಡಿ ದಾರಿಗಳು ತುಂಡು ಗೆರೆಗಳಾಗಿಯೂ ಕಾಲುದಾರಿಗಳು ಚುಕ್ಕೆಗಳಾಗಿಯೂ ಕಾಣುತ್ತವೆ, ಮತ್ತು ಇವುಗಳಲ್ಲಿ ಹಲವು ಮೊಬೈಲ್ ನಕ್ಷೆಗಳಲ್ಲಿ ಇರುವುದಿಲ್ಲ. ಇಲ್ಲಿಯೇ ಹಾಳೆಯ ದೊಡ್ಡ ದೋಷವೂ ಇದೆ. ಸಮೀಕ್ಷೆ ನಡೆದ ವರ್ಷವನ್ನು ಅಂಚಿನಲ್ಲಿ ಮುದ್ರಿಸಿರುತ್ತಾರೆ. ಅದಾದ ಮೇಲೆ ಡಾಂಬರು ಕಂಡ ರಸ್ತೆ, ಅಗಲವಾದ ಹೆದ್ದಾರಿ, ಉತ್ತು ಹೊಲಕ್ಕೆ ಸೇರಿಸಿಕೊಂಡ ಚಕ್ಕಡಿ ದಾರಿ ಯಾವುದೂ ಅದಕ್ಕೆ ಗೊತ್ತಿಲ್ಲ. ಊರುಗಳ ಹೆಸರು ರೋಮನ್ ಲಿಪಿಯಲ್ಲಿರುವುದರಿಂದ ದಾರಿಯಲ್ಲಿ ಸಿಕ್ಕ ಹಿರಿಯರಿಗೆ ಹಾಳೆ ತೋರಿಸಿ ಕೇಳುವುದೂ ಕಷ್ಟ.

ಅದಕ್ಕಿಂತ ಮುಖ್ಯವಾದ ಕೊರತೆಯೆಂದರೆ ಮಣ್ಣು. ಈ ಸೀಮೆಯಲ್ಲಿ ಕಪ್ಪು ಮಣ್ಣಿನ ಎರಿ ಹೊಲದ ದಾರಿಗೂ ಕೆಂಪು ಮಣ್ಣಿನ ಮಸಾರಿಯ ದಾರಿಗೂ ಇರುವ ಅಂತರ ಸೈಕಲ್ಲಿನವರ ಪಾಲಿಗೆ ಸಣ್ಣದಲ್ಲ, ಆದರೆ ನಕ್ಷೆಯಲ್ಲಿ ಎರಡಕ್ಕೂ ಅದೇ ತುಂಡು ಗೆರೆ, ಎರಡಕ್ಕೂ ಅದೇ ಸಾಗುವಳಿಯ ಹಳದಿ. ಒಂದು ಒಳ್ಳೆಯ ಮಳೆ ಬಿದ್ದ ಮರುದಿನ ಎರಿ ದಾರಿಗಿಳಿದರೆ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಲಿ ತಿರುಗುವುದೇ ನಿಲ್ಲುತ್ತದೆ. ಕಡ್ಡಿಯಿಂದ ಕೆರೆದು ತೆಗೆದರೆ ಹತ್ತು ಮಾರು ಹೋಗುವುದರಲ್ಲಿ ಮತ್ತೆ ಅದೇ ಪಾಡು. ದಾರಿಯ ಬದುವಿನಲ್ಲಿ ಬೆಳೆದ ಬಳ್ಳಾರಿ ಜಾಲಿಯ ಮುಳ್ಳನ್ನೂ ಯಾವ ನಕ್ಷೆಯೂ ತೋರಿಸುವುದಿಲ್ಲವಾದ್ದರಿಂದ ಹೆಚ್ಚುವರಿ ಟ್ಯೂಬು, ಗಾಳಿ ಪಂಪು ಜೊತೆಗಿರಲಿ.

ಆದ್ದರಿಂದ ಹಾಳೆಯೊಂದನ್ನೇ ನಂಬುವುದು ಜಾಣತನವಲ್ಲ. 2004ರಲ್ಲಿ ಆರಂಭವಾದ, ಸ್ವಯಂಸೇವಕರು ಕಟ್ಟುತ್ತಿರುವ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿಯನ್ನು ಬಳಸುವ ಆ್ಯಪ್‌ಗಳಲ್ಲಿ ನಕ್ಷೆಯನ್ನು ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ನಾವಿರುವ ಜಾಗ ಕಾಣುತ್ತದೆ. ಹೊಸ ರಸ್ತೆಗಳು ಅಲ್ಲಿ ಬೇಗ ಸೇರುತ್ತವೆ. ಅಂಥದೊಂದು ಆ್ಯಪ್ ಒಮ್ಮೆ ನನ್ನನ್ನು ಕಡಲೆ ಹೊಲದ ನಟ್ಟನಡುವೆ ತಂದು ನಿಲ್ಲಿಸಿದ್ದೂ ಉಂಟು. ಹಾಳೆಯಲ್ಲಿ ಕಂಡ ದಾರಿ ಇನ್ನೂ ಇದೆಯೇ ಎಂಬುದನ್ನು ಉಪಗ್ರಹ ಚಿತ್ರದಲ್ಲಿ ನೋಡಿ ಖಚಿತಪಡಿಸಿಕೊಳ್ಳುವುದು ನಾನು ಕಂಡುಕೊಂಡ ಉತ್ತಮ ಕ್ರಮ. ದಾರಿಯನ್ನು ಹಾಳೆಯಲ್ಲಿ ಆರಿಸಿ, ಚಿತ್ರದಲ್ಲಿ ಪರೀಕ್ಷಿಸಿ, ಮೊಬೈಲಿನಲ್ಲಿ ಅನುಸರಿಸಿದರೆ ಒಂದರ ಕುಂದನ್ನು ಇನ್ನೊಂದು ತುಂಬುತ್ತದೆ. ಈ ಮೂರರಲ್ಲಿ ಯೋಜನೆಯ ಹಂತಕ್ಕೆ ಹಾಳೆಯೇ ಮೇಲು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಇಡೀ ಸೀಮೆಯನ್ನು ಒಂದೇ ನೋಟಕ್ಕೆ ಹರಡಿಕೊಳ್ಳುವ ಅನುಕೂಲ ಅಂಗೈಯಗಲದ ಪರದೆಯಲ್ಲಿ ಇಲ್ಲ.

ಗಾಳಿಯ ಲೆಕ್ಕವನ್ನು ಮಾತ್ರ ನಾವೇ ಹಾಕಿಕೊಳ್ಳಬೇಕು. ಗದಗ ಸೀಮೆಯಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುವ ಗಾಳಿ ಲಕ್ಕುಂಡಿಗೆ ಹೋಗುವಾಗ ಬೆನ್ನು ತಳ್ಳಿ, ಏರು ಹತ್ತುತ್ತ ಮರಳುವಾಗ ಎದೆಗೆ ಬಡಿಯುತ್ತದೆ. ಚಳಿಗಾಲದಲ್ಲಿ ಮೂಡಗಾಳಿ ಇರುವುದರಿಂದ ಮರಳುವ ದಾರಿ ಹಗುರಾಗುತ್ತದೆ; ಎರಿ ದಾರಿಯೂ ಒಣಗಿರುತ್ತದೆ, ಹೊಲದಲ್ಲಿ ಜೋಳ ನಿಂತಿರುತ್ತದೆ, ಸೀತನಿಯ, ಅಂದರೆ ಎಳೆ ಜೋಳದ ತೆನೆ ಸುಟ್ಟು ತಿನ್ನುವ ಕಾಲಕ್ಕೆ ಪರಿಚಯದ ರೈತರಿದ್ದರೆ ಮಧ್ಯಾಹ್ನದ ಬುತ್ತಿಯನ್ನೂ ಮರೆಯಬಹುದು. ನವೆಂಬರ್‌ನಿಂದ ಫೆಬ್ರುವರಿವರೆಗಿನ ಅವಧಿಯನ್ನೇ ನಾನು ಶಿಫಾರಸು ಮಾಡುತ್ತೇನೆ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿವಿಶ್ವೇಶ್ವರ ಗುಡಿ, ಮುಸುಕಿನ ಬಾವಿ ಇಷ್ಟನ್ನೇ ನಿಧಾನವಾಗಿ ನೋಡಲು ಅರ್ಧ ಹೊತ್ತು ಬೇಕು. ಡಂಬಳದ ದೊಡ್ಡಬಸಪ್ಪ ಗುಡಿಯ 24 ಮೂಲೆಗಳ ನಕ್ಷತ್ರಾಕಾರದ ಗೋಡೆಯನ್ನು ಸುತ್ತು ಹಾಕದೆ ಬರಲಾಗುವುದಿಲ್ಲವಾದ್ದರಿಂದ ಬೆಳಕು ಹರಿಯುವ ಮುನ್ನವೇ ಹೊರಡುವುದು ಒಳಿತು.

ಡಂಬಳದಿಂದ ನೈಋತ್ಯಕ್ಕೆ ಕಪ್ಪತಗುಡ್ಡದ ರೇಖೆಗಳು ಒತ್ತೊತ್ತಾಗಿ ಸೇರಿಕೊಂಡಿರುವುದನ್ನು ಕಂಡು ಕಾಲು ತುಡಿಯುವುದು ಸಹಜ. ಆದರೆ 2019ರಲ್ಲಿ ಅದು ವನ್ಯಜೀವಿ ಧಾಮವಾಗಿದೆ. ಅರಣ್ಯದೊಳಗೆ ಚುಕ್ಕೆ ಗೆರೆ ಇದ್ದಮಾತ್ರಕ್ಕೆ ಅಲ್ಲಿ ನಡೆಯುವ ಹಕ್ಕು ನಮಗಿದೆ ಎಂದಾಗುವುದಿಲ್ಲ. ಅರಣ್ಯ ಇಲಾಖೆಯನ್ನು ಕೇಳಿಯೇ ಒಳಗೆ ಹೋಗಬೇಕು, ಮತ್ತು ಅದಕ್ಕೆ ಬೇರೆಯೇ ದಿನ ಮೀಸಲಿಡಬೇಕು. ಹಕ್ಕಿಗಳಲ್ಲಿ ಆಸಕ್ತಿಯುಳ್ಳವರು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ದಾರಿ ಹುಡುಕಬಹುದು. ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ಆ ಕೆರೆ 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಗದಗದಿಂದ ಬಸ್ಸಿನಲ್ಲಿ ಲಕ್ಕುಂಡಿಗೆ ಹೋಗಿ, ಊರೊಳಗೇ ನಡೆದು ಗುಡಿ ಬಾವಿಗಳನ್ನು ನೋಡಿ ಸಂಜೆಯ ಬಸ್ಸಿಗೆ ಮರಳುವವರಿಗೆ ಈ ಹಾಳೆಯ ಅಗತ್ಯವಿಲ್ಲ. ಅಲ್ಲಿನ ಓಣಿಗಳು 1:50,000ರಲ್ಲಿ ಕಾಣುವಷ್ಟು ದೊಡ್ಡವಲ್ಲ, ದಾರಿ ಕೇಳಿದರೆ ಊರವರೇ ಬಂದು ತೋರಿಸುತ್ತಾರೆ.