ಬಿ.ಎಚ್. ರಸ್ತೆಯ ಬ್ಯಾಟರಿ ಅಂಗಡಿ: ಕಿಟಕಿ ರೀಸೆಟ್ ಮಾಡಿಯೇ ಕಾರು ಕೊಡುತ್ತಾರೆ
ತುಮಕೂರಿನಲ್ಲಿ ಕಾರಿನ ಬ್ಯಾಟರಿ ಬದಲಾಯಿಸುವವರಿಗೆ ಬರ ಇಲ್ಲ. ಆದರೆ ಆಮೇಲೆ ಪವರ್ ವಿಂಡೋ ರೀಸೆಟ್ ಮಾಡಿ ಕೊಡುವವರು ಎಷ್ಟು ಜನ ಹೇಳಿ? ಬ್ಯಾಟರಿ ಕಳಚಿದರೆ ತುಂಬಾ ಕಾರುಗಳಲ್ಲಿ ಗಾಜು ಎಲ್ಲಿಯವರೆಗೆ ಏರಬೇಕು ಅನ್ನುವ ಲೆಕ್ಕವೇ ಅಳಿಸಿಹೋಗುತ್ತದೆ, ಆಗ ಒನ್ ಟಚ್‌ನಲ್ಲಿ, ಅಂದರೆ ಸ್ವಿಚ್ ಒಮ್ಮೆ ಎಳೆದು ಬಿಟ್ಟರೆ, ಗಾಜು ಪೂರ್ತಿ ಏರುವುದಿಲ್ಲ, ಜೊತೆಗೆ ಬೆರಳು ಸಿಕ್ಕಿಕೊಂಡರೆ ಗಾಜು ತಾನೇ ಕೆಳಗಿಳಿಯುವ ಸುರಕ್ಷತೆಯೂ ಕೆಲಸ ಮಾಡದೇ ಇರಬಹುದು. ಮನೆಯಲ್ಲಿ ಮಕ್ಕಳಿದ್ದರೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಹಿಂದೆ ನನ್ನ ಕಾರಿಗೆ ಇದೇ ತೊಂದರೆ ಬಂದು ಬೇರೆ ಕಡೆ ಕೇಳಿದಾಗ "ಸ್ವಿಚ್ ಹೋಗಿದೆ, ಹೊಸದು ಹಾಕಬೇಕು" ಅಂದಿದ್ದರು. ಈ ಅಂಗಡಿಯ ಹುಡುಗ ಇಗ್ನಿಷನ್ ಆನ್ ಮಾಡಿ, ಗಾಜು ಪೂರ್ತಿ ಇಳಿಸಿ, ಸ್ವಿಚ್ ಎಳೆದು ಹಿಡಿದು ಮೇಲಕ್ಕೆ ಏರಿಸಿದ, ಗಾಜು ಮುಚ್ಚಿದ ಮೇಲೂ ಕೆಲವು ಸೆಕೆಂಡ್ ಕೈ ಬಿಡಲಿಲ್ಲ. ಅಷ್ಟೇ! ನಾಲ್ಕೂ ಬಾಗಿಲಿಗೆ ಆಯಾ ಬಾಗಿಲಿನ ಸ್ವಿಚ್‌ನಿಂದಲೇ ಮಾಡಿದ. ಕಾರಿನಿಂದ ಕಾರಿಗೆ ಕ್ರಮ ಬೇರೆ ಇರುತ್ತದೆ, ಮ್ಯಾನುಯಲ್ ನೋಡಿ ಅಂತಲೂ ಹೇಳಿದ.

ಬ್ಯಾಟರಿ ಕಳಚುವಾಗ ನೆಗೆಟಿವ್ ವೈರ್ ಮೊದಲು, ಹಾಕುವಾಗ ಅದು ಕೊನೆಗೆ. ಅದೂ ಸರಿಯಾಗಿತ್ತು. ರೀಸೆಟ್‌ಗೆ ಬೇರೆ ದುಡ್ಡು ಕೇಳಲಿಲ್ಲ. ಸಂಜೆ ಮಾತ್ರ ಹೋಗಬೇಡಿ, ಪಾರ್ಕಿಂಗ್ ಸಿಗುವುದಿಲ್ಲ.