ಐದು ನೂಲು, ಅತ್ತೆಯ ಉಂಗುರ

ದಾವಣಗೆರೆಯಲ್ಲಿ ಉಲ್ಲನ್ ಕಡ್ಡಿ ಹಿಡಿದು ಕೂತವರನ್ನು ಜನ ಸ್ವಲ್ಪ ವಿಚಿತ್ರವಾಗಿಯೇ ನೋಡುತ್ತಾರೆ. ಮಾರ್ಚ್ ಬಂತೆಂದರೆ ಫ್ಯಾನಿನ ಕೆಳಗೂ ಬೆವರು. ಡಿಸೆಂಬರಿನಲ್ಲಿ ಕುಂದುವಾಡ ಕೆರೆ ಏರಿ ಮೇಲೆ ವಾಕಿಂಗ್ ಹೋಗುವವರು ಮಫ್ಲರ್ ಸುತ್ತಿಕೊಂಡಿರುತ್ತಾರೆ, ಎಂಟು ಗಂಟೆಗೆ ಅದನ್ನು ಬಿಚ್ಚಿ ಸ್ಕೂಟರ್ ಡಿಕ್ಕಿಗೆ ತುರುಕುತ್ತಾರೆ. ಅಷ್ಟೇ ನಮ್ಮ ಚಳಿ. "ಯಾರಿಗ್ ಮೇಡಂ ಇದು, ಕಾಶ್ಮೀರಕ್ಕೇನಾದ್ರೂ ಟ್ರಾನ್ಸ್‌ಫರ್ ಆಯ್ತಾ?" ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಕೇಳದವರಿಲ್ಲ.

ನಾನು ಸಣ್ಣ ನೂಲಿಗೆ ಬಂದದ್ದು ಈ ಬಿಸಿಲಿನ ದೆಸೆಯಿಂದಲೇ. ದಪ್ಪ ಉಲ್ಲನ್ನಿನ ಸ್ವೆಟರ್ ತೊಡೆಯ ಮೇಲೆ ಬೆಳೆಯುತ್ತ ಹೋದರೆ ಕಂಬಳಿ ಹೊದ್ದು ಕೂತ ಹಾಗಾಗುತ್ತದೆ. ಸಣ್ಣ ನೂಲಿನದು ಎಷ್ಟು ಬೆಳೆದರೂ ತೊಡೆಗೆ ಗೊತ್ತಾಗುವುದಿಲ್ಲ. ಆಮೇಲೆ ಆಮೇಲೆ ಇದರ ರುಚಿಯೇ ಬೇರೆ ಅನ್ನಿಸತೊಡಗಿತು. ದಪ್ಪ ನೂಲು ಹಿಡಿದಾಗ ಕಣ್ಣು ಸದಾ ‘ಎಷ್ಟಾಯ್ತು, ಎಷ್ಟಾಯ್ತು’ ಎಂದು ಅಳೆಯುತ್ತಿರುತ್ತದೆ. ಇಲ್ಲಿ ಒಂದು ತಾಸು ಕೂತರೂ ಮೂರು ಬೆರಳಗಲ ಏರಿದರೆ ಹೆಚ್ಚು, ಹಾಗಾಗಿ ಅಳೆಯುವ ಚಟ ತಾನಾಗಿ ಬಿಟ್ಟುಹೋಗುತ್ತದೆ. ತೋರುಬೆರಳ ಮೇಲೆ ಎಳೆ ಜಾರುವುದು ಮಾತ್ರ ಗೊತ್ತಾಗುತ್ತಿರುತ್ತದೆ.

ಹೋದ ಎರಡು ವರ್ಷದಲ್ಲಿ ಒಂದೇ ನಮೂನೆಯ ಶಾಲನ್ನು ಐದು ಥರದ ನೂಲಿನಲ್ಲಿ ಹಾಕಿ ನೋಡಿದೆ. ಫೆದರ್ ಅಂಡ್ ಫ್ಯಾನ್ ಎನ್ನುವ ಹಳೆಯ ನಮೂನೆ, ನಮ್ಮ ಮನೆಯಲ್ಲಿ ಅದಕ್ಕೆ ಅಲೆ ಡಿಸೈನ್ ಎನ್ನುತ್ತೇವೆ. ಹದಿನೆಂಟು ಕುಣಿಕೆಯ ಗುಂಪು, ನಾಲ್ಕು ಸಾಲಿನ ಆವರ್ತನೆ. ಮೂರು ಸಾಲು ಸುಮ್ಮನೆ ಸೀದಾ-ಉಲ್ಟಾ, ಒಂದೇ ಒಂದು ಸಾಲಿನಲ್ಲಿ ಕಸರತ್ತು: ಆರು ಸಲ ಎರಡೆರಡು ಕುಣಿಕೆ ಸೇರಿಸಿ ಒಂದು ಮಾಡಬೇಕು, ಆರು ಸಲ ದಾರ ಸುತ್ತಿ ತೂತು ಬಿಡಬೇಕು. ಕಳೆದದ್ದೂ ಕೂಡಿದ್ದೂ ಸಮ, ಹದಿನೆಂಟು ಹದಿನೆಂಟಾಗಿಯೇ ಉಳಿಯುತ್ತದೆ. ಗಣಿತದ ಮೇಷ್ಟ್ರಿಗೆ ಇಷ್ಟವಾಗದೆ ಇನ್ನೇನು? ಅಂಥ ಐದು ಗುಂಪು, ಅಂಚಿಗೆ ಆರು, ಒಟ್ಟು 96 ಕುಣಿಕೆ. ಸುಮಾರು 400 ಸಾಲು. ಅಂದರೆ ಒಂದು ಶಾಲಿಗೆ ಮೂವತ್ತೆಂಟು ಸಾವಿರದ ನಾನೂರು ಕುಣಿಕೆ. ಕಡ್ಡಿ ಎಂಟನೇ ನಂಬರಿನದು, 4 ಮಿಲಿಮೀಟರ್. ನಮ್ಮ ಅಂಗಡಿಗಳ ಲೆಕ್ಕದಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಣ್ಣ, ಹೊಸಬರು ಮೊದಲು ಎಡವುವುದು ಅಲ್ಲೇ.

ತೀರ್ಪುಗಾರರು ನಮ್ಮ ಅತ್ತೆ. ಎಂಬತ್ತು ದಾಟಿದೆ. ನಮ್ಮ ಮಾವ ಇಲ್ಲಿನ ಒಂದು ಹತ್ತಿ ಗಿರಣಿಯ ನೂಲುವ ಖಾತೆಯಲ್ಲಿದ್ದವರು, ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಿದ್ದ ಕಾಲ ಅದು. ಅತ್ತೆ ಶಾಲೆಗೆ ಹೋಗಿದ್ದು ನಾಲ್ಕನೇ ಕ್ಲಾಸಿನವರೆಗೆ, ಆದರೆ ದಾರವನ್ನು ಎರಡು ಬೆರಳಲ್ಲಿ ಉಜ್ಜಿ "ಇದು ನಲವತ್ತರದ್ದು, ಇದು ಅರವತ್ತರದ್ದು" ಎನ್ನುತ್ತಾರೆ. ಹತ್ತಿ ನೂಲಿನ ಕೌಂಟ್ ಅದು. 840 ಗಜದ ಎಷ್ಟು ಲಡಿ ಸೇರಿದರೆ ಒಂದು ಪೌಂಡ್ ತೂಗುತ್ತದೋ ಅಷ್ಟು ಕೌಂಟ್. ಹಾಗಾಗಿ ಅಲ್ಲೂ ನಂಬರ್ ದೊಡ್ಡದಾದಷ್ಟು ನೂಲು ಸಣ್ಣ. ನಾನು ಮೊದಲ ಶಾಲಿನ ನಾಲ್ಕು ಸಾಲು ಹಾಕುವಷ್ಟರಲ್ಲಿ ಅತ್ತೆ ಬಂದು ನೋಡಿ ಹೇಳಿದ್ದು ಇಷ್ಟು: "ಏನಮ್ಮಾ ಇದು, ಸೊಳ್ಳೆ ಪರದೆನಾ?"

ಆ ಮೊದಲನೆಯದು ಮೂರೆಳೆಯ ಅಕ್ರಿಲಿಕ್, ಅಂಗಡಿಯಲ್ಲಿ ಬೇಬಿ ಉಲ್ಲನ್ ಎಂದು ಕೊಡುವುದು. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಗ್ಗ, ಎಲ್ಲಾ ಬಣ್ಣ ಸಿಗುತ್ತದೆ, ವಾಷಿಂಗ್ ಮಷಿನ್ನಿಗೆ ಹಾಕಬಹುದು. ಮಗುವಿನ ಕುಲಾವಿಗೆ ಸರಿ. ಆದರೆ ತೂತಿನ ನಮೂನೆಗೆ ಇದು ಬರದು. ಹೆಣಿಗೆ ಮುಗಿದ ಮೇಲೆ ಒದ್ದೆ ಮಾಡಿ, ಎಳೆದು, ಪಿನ್ನು ಚುಚ್ಚಿ ಒಣಗಿಸಿದಾಗಲೇ ತೂತುಗಳು ಬಾಯ್ತೆರೆಯುವುದು. ಅಕ್ರಿಲಿಕ್ ಪಿನ್ನು ತೆಗೆದ ತಕ್ಷಣ ಮತ್ತೆ ಮುದುಡಿ ಮಲಗುತ್ತದೆ. ತೂಕ 180 ಗ್ರಾಂ, ಹೊದ್ದರೆ ಕತ್ತಿನಲ್ಲಿ ಬೆವರು.

ಎರಡನೆಯದು ಹತ್ತಿ, ಹತ್ತನೇ ನಂಬರಿನ ಮರ್ಸರೈಸ್ಡ್ ಕ್ರೋಶಾ ದಾರ. ಹತ್ತಿಯ ಊರಲ್ಲಿದ್ದು ಹತ್ತಿಯನ್ನು ಬಿಡುವುದುಂಟೇ. ಮರ್ಸರೈಸ್ ಎಂಬ ಹೆಸರು ಜಾನ್ ಮರ್ಸರ್ ಎಂಬವನದು. ಆ ಇನ್ನೊಂದು ಮ್ಯಾಂಚೆಸ್ಟರಿನ ಸೀಮೆಯವನೇ, ಲ್ಯಾಂಕಶೈರಿನವ, 1844ರಲ್ಲಿ ಹತ್ತಿಗೆ ಕಾಸ್ಟಿಕ್ ಸೋಡಾ ಹಾಕಿ ನೋಡಿದ. ಸೋಡಾ ಕುಡಿದ ಎಳೆ ಉಬ್ಬಿ ದುಂಡಗಾಗುತ್ತದೆ, ಬಿಗಿಯಾಗಿ ಎಳೆದು ಹಿಡಿದರೆ ಹೊಳಪು ಬರುತ್ತದೆ. ನೋಡಲು ಚೆಂದ. ಒಂದೊಂದು ಕುಣಿಕೆಯೂ ಕೊರೆದಿಟ್ಟ ಹಾಗೆ ಕಾಣುತ್ತದೆ, ಬೇರೆ ಯಾವ ನೂಲಿನಲ್ಲೂ ನಮೂನೆ ಇಷ್ಟು ಸ್ಪಷ್ಟವಾಗಿ ಬರಲಿಲ್ಲ. ಆದರೆ ಹತ್ತಿಗೆ ಬಗ್ಗುವ ಗುಣ ಇಲ್ಲ. ಎರಡು ಕುಣಿಕೆಯನ್ನು ಒಟ್ಟಿಗೆ ಹಿಡಿಯಲು ಹೋದರೆ ಅವು ಒಂದಿಷ್ಟೂ ಸಡಿಲ ಬಿಡುವುದಿಲ್ಲ, ಕಡ್ಡಿಯನ್ನು ಗುದ್ದಿ ನುಗ್ಗಿಸಬೇಕು. ಇಪ್ಪತ್ತು ನಿಮಿಷಕ್ಕೆ ಬಲಗೈ ಮಣಿಕಟ್ಟು ಹಿಡಿದುಕೊಳ್ಳುತ್ತಿತ್ತು. ಪರೀಕ್ಷೆಯ ಪೇಪರ್ ತಿದ್ದುವ ತಿಂಗಳಲ್ಲಿ ಇದನ್ನು ಮುಟ್ಟಲೇ ಇಲ್ಲ.

ಇದಕ್ಕೊಂದು ಅನ್ಯಾಯ ನಾನೇ ಮಾಡಿದೆ. ಒಣಹಾಕುವಾಗ ಸ್ಟೀಲ್ ಪಿನ್ನು ಸಾಲದೆ, ಉತ್ತರಪತ್ರಿಕೆಗೆ ಚುಚ್ಚುವ ಗುಂಡುಪಿನ್ನು ಹಾಕಿಬಿಟ್ಟೆ. ಬೆಳಗ್ಗೆ ನೋಡಿದರೆ ಬಿಳಿ ಅಂಚಿನುದ್ದಕ್ಕೂ ಹನ್ನೊಂದು ತುಕ್ಕಿನ ಚುಕ್ಕೆ. ನಿಂಬೆಹಣ್ಣು, ಉಪ್ಪು, ಬಿಸಿಲು, ಏನು ಮಾಡಿದರೂ ಅವು ಅಲ್ಲೇ ಇವೆ.

ಇನ್ನು ಮೆರಿನೋ ಉಣ್ಣೆ. ಮೆಲ್ಬೋರ್ನಿನಲ್ಲಿರುವ ನನ್ನ ಮೈದುನನ ಮಗಳು ಬರುವಾಗ ತಂದದ್ದು, 100 ಗ್ರಾಮಿನ ಒಂದು ಲಡಿ, ಅದರಲ್ಲಿ 800 ಮೀಟರ್ ನೂಲು. ಇಷ್ಟು ಸಣ್ಣ ನೂಲಿಗೆ ಲೇಸ್ ತೂಕ ಎನ್ನುತ್ತಾರೆ. ಲಡಿ ಬಿಚ್ಚಿ ಉಂಡೆ ಮಾಡಲು ಎರಡು ಕುರ್ಚಿಯ ಬೆನ್ನಿಗೆ ಸುತ್ತಿ, ಒಂದು ಭಾನುವಾರ ಪೂರ್ತಿ ಕಳೆಯಿತು. ಅತ್ತೆ ಬೆರಳಲ್ಲಿ ಉಜ್ಜಿ ನೋಡಿ ಏನೂ ಹೇಳಲಿಲ್ಲ. ಅವರು ಏನೂ ಹೇಳದಿದ್ದರೆ ಮೆಚ್ಚಿದ್ದಾರೆ ಎಂದರ್ಥ.

ಮೆರಿನೋ ಕುರಿಯ ಉಣ್ಣೆಯ ಎಳೆ ಸುಮಾರು 20 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ದಪ್ಪ, ಒಳ್ಳೆಯದಾದರೆ ಇನ್ನೂ ಕಡಿಮೆ. ನಮ್ಮ ತಲೆಗೂದಲು ಅದರ ಮೂರುಪಟ್ಟು ದಪ್ಪ. 30 ದಾಟಿದ ಎಳೆಯ ತುದಿ ಬಗ್ಗದೆ ಚರ್ಮವನ್ನು ಚುಚ್ಚುತ್ತದೆ, ಅದರ ಕೆಳಗಿನದು ಬಾಗಿಕೊಳ್ಳುತ್ತದೆ. ಉಣ್ಣೆ ಚುಚ್ಚುತ್ತದೆ ಎನ್ನುವವರೆಲ್ಲ ದಪ್ಪ ಉಣ್ಣೆ ಮುಟ್ಟಿದವರು. ಆದರೆ ನನಗೆ ಹಿಡಿಸಿದ್ದು ಮೆತ್ತಗಿರುವುದಕ್ಕಿಂತ ಅದರ ಸ್ಪ್ರಿಂಗ್. ಉಣ್ಣೆಯ ಎಳೆಯಲ್ಲಿ ಹುಟ್ಟಿನಿಂದಲೇ ಸಣ್ಣ ಸಣ್ಣ ಗುಂಗುರು ಇರುತ್ತದೆ. ಕಡ್ಡಿ ನುಗ್ಗಿದಾಗ ಕುಣಿಕೆ ಅಗಲಿಸಿ ಜಾಗ ಕೊಡುತ್ತದೆ, ಹೊರಬಂದ ಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಹತ್ತಿಯಲ್ಲಿ ನಾನು ಗುದ್ದಾಡುತ್ತಿದ್ದ ಅದೇ ಸಾಲು ಇಲ್ಲಿ ಬಾಳೆಹಣ್ಣು ಸುಲಿದ ಹಾಗೆ. ಸ್ವಲ್ಪ ಬಿಗಿ, ಸ್ವಲ್ಪ ಸಡಿಲ ಬಿದ್ದರೂ ತೊಳೆದ ಮೇಲೆ ಎಲ್ಲ ಒಂದೇ ಸಮ ಕೂತುಬಿಡುತ್ತದೆ. ಕೈಯ ತಪ್ಪನ್ನು ಮುಚ್ಚಿಹಾಕುವ ನೂಲು ಇದೊಂದೇ.

ಒಂದು ರಾತ್ರಿ ಎಳೆ ಹರಿಯಿತು. ಉಣ್ಣೆಗೆ ಗಂಟು ಹಾಕುವ ಅಗತ್ಯವಿಲ್ಲ. ಎರಡು ತುದಿಯನ್ನು ಬಿಡಿಸಿ, ಒಂದರ ಮೇಲೊಂದಿಟ್ಟು, ಎಂಜಲು ಹಚ್ಚಿ ಅಂಗೈಯಲ್ಲಿ ಜೋರಾಗಿ ಉಜ್ಜಿದರೆ ಎಳೆಯ ಮೇಲಿನ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಂಡು ಒಂದಾಗುತ್ತವೆ. ನಾನು ಹಾಗೇ ಮಾಡುತ್ತಿದ್ದೆ. ಅತ್ತೆ ನೋಡಿಬಿಟ್ಟರು. "ಥೂ, ಎಂಜಲು ಹಚ್ತಾರೇನೇ ಹೊದ್ಕೊಳ್ಳೋ ಬಟ್ಟೆಗೆ! ನೀರಿಲ್ವಾ ಮನೇಲಿ?" ನೀರೂ ನಡೆಯುತ್ತದೆ, ನಿಜ. ಅಂದಿನಿಂದ ಪಕ್ಕದಲ್ಲಿ ಒಂದು ಲೋಟ ನೀರು ಇಟ್ಟುಕೊಳ್ಳುತ್ತೇನೆ. ಆದರೆ ಆ ಶಾಲಿಗೆ ಎಂಜಲಿನ ಶಾಲು ಎಂಬ ಹೆಸರು ಆಗಲೇ ಬಿದ್ದಾಗಿತ್ತು. ತೂಕ 80 ಗ್ರಾಂ.

ಮೊಹೇರ್ ಜೊತೆ ನನ್ನದು ಜಗಳದ ಸಂಬಂಧ. ಅಂಗೋರಾ ಎಂಬ ಜಾತಿಯ ಆಡಿನ ಕೂದಲು, ರೇಷ್ಮೆಯ ಒಂದು ಸಣ್ಣ ಎಳೆಯ ಸುತ್ತ ಹೊಗೆಯಂತೆ ಹಬ್ಬಿರುತ್ತದೆ. 25 ಗ್ರಾಮಿನ ಉಂಡೆಯಲ್ಲಿ 210 ಮೀಟರ್, ಮೂರು ಉಂಡೆ ಬೇಕಾಯಿತು. ಕೈಯಲ್ಲಿ ಹಿಡಿದರೆ ಏನೂ ಹಿಡಿದಿಲ್ಲ ಎನ್ನಿಸುತ್ತದೆ, ಅದು ನಿಜವಾಗಿಯೂ ಒಂದು ಸುಖ. ಆದರೆ ತಪ್ಪಿದರೆ ಮುಗಿಯಿತು. ಕೂದಲಿಗೆ ಕೂದಲು ಹೆಣೆದುಕೊಂಡು ಬಿಚ್ಚಲು ಬರುವುದೇ ಇಲ್ಲ. ಒಂದು ಗುಂಪಿನಲ್ಲಿ ಹದಿನೆಂಟರ ಬದಲು ಹತ್ತೊಂಬತ್ತು ಕುಣಿಕೆ ಬಂದು, ಆರು ಸಾಲು ಆದ ಮೇಲೆ ಗೊತ್ತಾಯಿತು. ಫ್ರೀಜರಿನಲ್ಲಿಟ್ಟರೆ ಬಿಚ್ಚುವುದು ಸುಲಭ ಎಂದು ಹೆಣಿಗೆಯವರು ಹೇಳುತ್ತಾರೆ. ಕವರಿಗೆ ಹಾಕಿ ಅವರೆಕಾಳಿನ ಡಬ್ಬಿಯ ಪಕ್ಕ ಇಟ್ಟೆ. ಒಂದು ತಾಸಿನ ನಂತರ ನಿಜವಾಗಿಯೂ ಬಿಚ್ಚಿತು, ಅರ್ಧಂಬರ್ಧ. ಅಷ್ಟರಲ್ಲಿ ಅವರೆಕಾಳು ತೆಗೆಯಲು ಹೋದ ನಮ್ಮ ಮನೆಯವರು ಏನೋ ಸತ್ತ ಪ್ರಾಣಿ ಇದೆ ಎಂದು ಬೆಚ್ಚಿಬಿದ್ದರು. ಮಾತ್ರವಲ್ಲ, ಎಳೆಗೆ ಅಷ್ಟು ಮಬ್ಬು ಇದ್ದರೆ ನಮೂನೆ ಕಾಣುವುದೇ ಇಲ್ಲ. ಇಷ್ಟು ಲೆಕ್ಕ ಹಾಕಿ ತೂತು ಬಿಟ್ಟು, ಅದು ಕೂದಲಲ್ಲಿ ಮುಚ್ಚಿಹೋದರೆ ಯಾಕೆ ಬೇಕಿತ್ತು? ಇದಕ್ಕೆ ಬರೀ ಸೀದಾ ಹೆಣಿಗೆ ಸಾಕು.

ಇದಾದ ಮೇಲೆ ನಾನು ಒಂದು ಶಿಸ್ತು ಕಲಿತೆ. ಪ್ರತಿ ಇಪ್ಪತ್ತು ಸಾಲಿಗೊಮ್ಮೆ ಬೇರೆ ಬಣ್ಣದ ಮಷಿನ್ ದಾರವನ್ನು ಸೂಜಿಗೆ ಪೋಣಿಸಿ ಆ ಸಾಲಿನ ಎಲ್ಲ ಕುಣಿಕೆಯೊಳಗೂ ಹಾಯಿಸಿಬಿಡುವುದು. ಮೇಲೆ ಏನೇ ಕೆಟ್ಟರೂ ಬಿಚ್ಚುವುದು ಅಲ್ಲಿಗೆ ನಿಲ್ಲುತ್ತದೆ. ಕಾವಲು ದಾರ ಎಂದು ಹೆಸರಿಟ್ಟಿದ್ದೇನೆ. ಕುಕ್ಕರ್ ಕೂಗಿದಾಗ ಎದ್ದು ಓಡುವವರಿಗೆ ಇದು ಬೇಕೇ ಬೇಕು.

ಚಳ್ಳಕೆರೆ ಕಡೆಯ ಕೈನೂಲಿನ ಕರಿ ಉಣ್ಣೆಯನ್ನೂ ಒಮ್ಮೆ ಕಡ್ಡಿಗೆ ಏರಿಸಿ ನೋಡಿದ್ದೆ, ಐದರಲ್ಲಿ ಅದನ್ನು ಸೇರಿಸಿಲ್ಲ. ದಖನಿ ಕುರಿಯ ಉಣ್ಣೆ, ಕಂಬಳಿಗೆಂದೇ ಇರುವುದು. ಹುಣಸೆಬೀಜದ ಗಂಜಿ ಹಾಕಿ ಮಗ್ಗದಲ್ಲಿ ನೇಯ್ದ ಆ ಕಂಬಳಿ ಹೊದ್ದು ಕುರುಬರು ಮಳೆಯಲ್ಲಿ ಕುರಿ ಕಾಯುತ್ತಾರೆ. ಅದನ್ನು ಕತ್ತಿಗೆ ಸುತ್ತಿಕೊಂಡು ಚುಚ್ಚುತ್ತದೆ ಎಂದರೆ ತಪ್ಪು ನೂಲಿನದಲ್ಲ. ನಾನು ಹಾಕಿದ ಚೌಕ ಈಗ ಅತ್ತೆ ಪೂಜೆಗೆ ಕೂರುವ ಮಣೆಯ ಮೇಲಿದೆ.

ರೇಷ್ಮೆ ಕೊನೆಯದು, ಹೆಚ್ಚು ದಿನ ಹಿಡಿದದ್ದೂ ಅದೇ. ಮೊಳಕಾಲ್ಮೂರಿಗೆ ಮದುವೆ ಸೀರೆ ತರಲು ಹೋದಾಗ ನೇಕಾರರ ಮನೆಯಲ್ಲಿ ಉಳಿಕೆ ಲಡಿ ನೋಡಿ ಕೇಳಿದೆ. ಮಾವಿನ ಚಿಗುರಿನ ಬಣ್ಣ. ಆದರೆ ಸೀರೆಯ ರೇಷ್ಮೆ ಒಂಟಿಯಾಗಿ ಹೆಣೆಯಲು ಬರುವಂಥದ್ದಲ್ಲ, ಅದನ್ನು ಅಳೆಯುವುದೇ ಡೆನಿಯರಿನಲ್ಲಿ, ಅಂದರೆ 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂದು. ಇಲ್ಲಿ ನಂಬರ್ ಏರಿದಷ್ಟೂ ದಪ್ಪ. ಕೌಂಟಿಗೂ ಕಡ್ಡಿಗೂ ತದ್ವಿರುದ್ಧ. ನನಗೆ ಸಿಕ್ಕ ನೂಲು 42 ಡೆನಿಯರ್ ಹತ್ತಿರದ್ದು. ಹನ್ನೆರಡು ಎಳೆ ಸೇರಿದರೆ 504 ಆಗುತ್ತದೆ, ಮೆರಿನೋ ಎಳೆಯ ಅರ್ಧದಷ್ಟೂ ಇಲ್ಲ. ನೇಕಾರರ ಮನೆಯ ಅಮ್ಮ ರಾಟೆಗೆ ಹಾಕಿ ಹನ್ನೆರಡನ್ನೂ ಸಡಿಲವಾಗಿ ಹುರಿ ಮಾಡಿಕೊಟ್ಟರು. ದುಡ್ಡು ಕೊಡಲು ಹೋದರೆ "ಮುಗದ್ಮೇಲೆ ತಂದು ತೋರ್ಸಿ, ಸಾಕು" ಎಂದರು.

ಅಲ್ಯೂಮಿನಿಯಂ ಕಡ್ಡಿಯಲ್ಲಿ ಮೊದಲ ದಿನವೇ ಮೂವತ್ತು ಕುಣಿಕೆ ಜಾರಿ ಬಿದ್ದವು. ರೇಷ್ಮೆಗೆ ಕಚ್ಚಿಕೊಳ್ಳಲು ಹುರುಪೆಯಿಲ್ಲ, ಗುಂಗುರಿಲ್ಲ. ಬಿದಿರಿನ ಕಡ್ಡಿ ತರಿಸಿದ ಮೇಲೆ ನಿಂತಿತು. ಹುರಿ ಸಡಿಲವಾದ್ದರಿಂದ ಹನ್ನೆರಡರಲ್ಲಿ ಒಂದೆಳೆ ಕಡ್ಡಿಯಿಂದ ತಪ್ಪಿಸಿಕೊಂಡು ಹಿಂದೆ ಸಣ್ಣ ಕಿವಿಯ ಹಾಗೆ ನಿಲ್ಲುತ್ತಿತ್ತು. ಪ್ರತಿ ಸಾಲಿನ ಕೊನೆಗೆ ತಿರುಗಿಸಿ ನೋಡಬೇಕು. ಬೆರಳಿನ ಒಡಕು ಚರ್ಮಕ್ಕೂ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಕೂರುವ ಮುಂಚೆ ಕೊಬ್ಬರಿ ಎಣ್ಣೆ ಸವರಿ, ಒರೆಸಿ, ಮತ್ತೆ ಸೋಪಿನಲ್ಲಿ ತೊಳೆದು ಕೂರುವುದು. ಸೀಮೆಸುಣ್ಣ ಹಿಡಿದ ಕೈಗೆ ಇಷ್ಟು ಉಪಚಾರ ಯಾವತ್ತೂ ಆಗಿರಲಿಲ್ಲ. ಹೆಣೆಯುವಾಗ ಸುಖ ಕಮ್ಮಿ, ಗಮನ ಜಾಸ್ತಿ. ಆದರೆ ಅಂಟುವಾಳದ ನೊರೆಯಲ್ಲಿ ಅದ್ದಿ, ಜಮಖಾನದ ಮೇಲೆ ಹಾಸಿದಾಗ ಬಟ್ಟೆ ನೀರಿನ ಹಾಗೆ ಹರಡಿಕೊಂಡಿತು. ಒಣಗಿದ ಮೇಲೆ ತೂಗಿದೆ: 36 ಗ್ರಾಂ. ಏಪ್ರಿಲಿನ ಮಧ್ಯಾಹ್ನ ಮದುವೆ ಛತ್ರದಲ್ಲಿ ಹೆಗಲ ಮೇಲಿದ್ದರೂ ಇದೆ ಎಂದು ಗೊತ್ತಾಗಲಿಲ್ಲ.

ರಷ್ಯಾದ ಓರೆನ್‌ಬುರ್ಗ್, ಸ್ಕಾಟ್ಲೆಂಡಿನ ಶೆಟ್‌ಲ್ಯಾಂಡ್, ಈ ಕಡೆಯ ಹೆಣಿಗೆಯವರು ತಮ್ಮ ಸಣ್ಣ ನೂಲಿನ ಶಾಲನ್ನು ಮದುವೆ ಉಂಗುರದೊಳಗೆ ಹಾಯಿಸಿ ತೋರಿಸುತ್ತಾರೆ. ನಾನೂ ಅತ್ತೆಯ ಉಂಗುರ ಕೇಳಿದೆ. ಬಿಚ್ಚಲು ಸೋಪು ಹಚ್ಚಬೇಕಾಯಿತು. ಉಂಗುರವನ್ನು ಅವರೇ ಹಿಡಿದುಕೊಂಡು ಕೂತರು, ನಾನು ಒಂದೊಂದೇ ಶಾಲಿನ ಮೂಲೆ ತೂರಿಸಿ ಎಳೆದೆ. ರೇಷ್ಮೆ ಎಳೆಯುವ ಮುಂಚೆಯೇ ಸರ್ರನೆ ಜಾರಿ ನೆಲ ಸೇರಿತು. ಮೆರಿನೋ ಹಟ ಮಾಡದೆ ಬಂತು. ಉಬ್ಬಿಕೊಂಡಿರುವ ಮೊಹೇರ್ ಬರುವುದಿಲ್ಲ ಎಂದುಕೊಂಡಿದ್ದೆ, ಅದು ಮೈ ಮುದುಡಿಕೊಂಡು ಬಂದೇಬಿಟ್ಟಿತು, ಗಾಳಿಯೇ ಅಲ್ಲವೇ ಅದರ ತುಂಬ. ಹತ್ತಿ ಮುಕ್ಕಾಲಿಗೆ ಸಿಕ್ಕಿ ನಿಂತಿತು. ಅಕ್ರಿಲಿಕ್ ಮೂಲೆಯಷ್ಟೇ ತೂರಿದ್ದು. "ಬಿಡು ಬಿಡು, ಉಂಗುರ ಕಿತ್ತೋಗುತ್ತೆ" ಎಂದು ಅತ್ತೆ ಕೈ ಹಿಂದಕ್ಕೆಳೆದುಕೊಂಡರು.

ಉಂಗುರದ ತೀರ್ಪು ಹಾಗಿದ್ದರೂ ಹತ್ತಿಯ ಶಾಲನ್ನೇ ನಾನು ದಿನಾ ಶಾಲೆಗೆ ಹೊದ್ದು ಹೋಗುವುದು, ತುಕ್ಕಿನ ಚುಕ್ಕೆ ಮಡಿಕೆಯೊಳಗೆ ಬರುವಂತೆ. ರೇಷ್ಮೆಯದನ್ನು ಮೊಳಕಾಲ್ಮೂರಿಗೆ ಒಯ್ದು ತೋರಿಸುವುದು ಇನ್ನೂ ಬಾಕಿ ಇದೆ. ಮೊಹೇರ್ ಬೀರುವಿನಲ್ಲಿದೆ, ಇನ್ನೊಮ್ಮೆ ಆ ನೂಲು ಕೊಳ್ಳುವುದಿಲ್ಲ. ಮತ್ತೆ ಕೈಗೆ ಬೇಕು ಬೇಕು ಅನ್ನಿಸುವುದು ಮೆರಿನೋ ಒಂದೇ, ಎರಡನೇ ಲಡಿ ಕುರ್ಚಿ ಬೆನ್ನಿನ ಮೇಲೆ ಏರಿದೆ. ಮೊದಲ ಲಡಿಯ ಶಾಲು ಈಗ ನನ್ನ ಬಳಿ ಇಲ್ಲ. ಹೋದ ವಾರ ಬೆಂಗಳೂರಿಗೆ ಹೊರಟಾಗ ಅತ್ತೆ ಚೀಲ ಕಟ್ಟುತ್ತಾ ಕೇಳಿದ್ದರು: "ರೈಲಲ್ಲಿ ಎ.ಸಿ. ಬಾಳ ಕೊರೀತದೆ. ಆ ಎಂಜಲ್ ಶಾಲು ಎಲ್ಲಿಟ್ಟಿದೀಯಾ?"