ರೊಟ್ಟಿ ಚೆನ್ನಾಗಿದೆ, ಕೂರೋಕೆ ಜಾಗ ಕಮ್ಮಿ: ವಿಜಯನಗರದ ಒಂದು ಖಾನಾವಳಿ

ಬೋರ್ಡಿನ ಮೇಲೆ ಬರೀ 'ಉತ್ತರ ಕರ್ನಾಟಕ ಖಾನಾವಳಿ' ಅಂತಿದೆ. ಬೆಂಗಳೂರಲ್ಲಿ ಹೀಗೆ ಬರೆದುಕೊಂಡ ಜಾಗಗಳು ಬೇಕಾದಷ್ಟಿವೆ, ಹಾಗಾಗಿ ಜಾಸ್ತಿ ಆಸೆ ಇಟ್ಟುಕೊಂಡು ಹೋಗಿರಲಿಲ್ಲ. 6 ಟೇಬಲ್, ಒಂದೇ ಫ್ಯಾನ್. ಒಳಗಿಂದ ಪಟಪಟ ರೊಟ್ಟಿ ಬಡಿಯುವ ಸದ್ದು ಕೇಳಿದ ಮೇಲೆ ಸ್ವಲ್ಪ ಧೈರ್ಯ ಬಂತು.

ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಜಿಗುಟಿಲ್ಲ, ಅಲ್ವಾ. ಕುದಿಯುವ ನೀರು ಹಾಕಿ, ಚೆನ್ನಾಗಿ ನಾದಿ, ಕೈಯಲ್ಲೇ ಬಡಿಯಬೇಕು, ಇಲ್ಲದಿದ್ದರೆ ಅಂಚು ಒಡೆಯುತ್ತದೆ. ಈ ತಾಪತ್ರಯ ಬೇಡ ಅಂತ ಕೆಲವು ಹೋಟೆಲಿನವರು ಗೋಧಿ ಹಿಟ್ಟು ಬೆರೆಸಿ ಲಟ್ಟಿಸಿಬಿಡುತ್ತಾರೆ. ನೋಡೋಕೆ ರೊಟ್ಟಿ, ತಿಂದರೆ ಚಪಾತಿ. ಇಲ್ಲಿನದು ಪೂರಾ ಜೋಳ, ಬಾಗಲಕೋಟೆ ಕಡೆಯ ಹಿಂಗಾರಿ ಬಿಳಿ ಜೋಳವಂತೆ. ಬಿಸಿ ರೊಟ್ಟಿ 2, ಎಣ್ಣೆಗಾಯಿ, ಮಡಕಿ ಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಮೊಸರು, ಅನ್ನ, ಸಾರು, ಎಲ್ಲಾ ಸೇರಿ 120 ರೂಪಾಯಿ. ಎಣ್ಣೆಗಾಯಿಗೆ ಬೆಲ್ಲ ಸ್ವಲ್ಪ ಜಾಸ್ತಿ ಬಿದ್ದಿತ್ತು, ಇಲ್ಲಿಯವರ ಬಾಯಿಗೆ ಅಂತ ಹಾಗೆ ಮಾಡುತ್ತಾರೋ ಏನೋ.

ನನ್ನ ಊರು ಗದಗದ ಹತ್ತಿರ. ಬೆಂಗಳೂರಿಗೆ ಬಂದು 11 ವರ್ಷ. ಹೊಸದರಲ್ಲಿ ಆಫೀಸಲ್ಲಿ ನಾನು ಬಾಯಿಬಿಟ್ಟರೆ ಸಾಕು, ಒಬ್ಬ 'ಹೌದ್ರೀ ಸರಾ' ಅಂತ ಅಣಕಿಸುತ್ತಿದ್ದ, ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆಮೇಲೆ ನಿಧಾನಕ್ಕೆ 'ಐತಿ' ಹೋಗಿ 'ಇದೆ' ಬಂತು, ಶೇಂಗಾ ಕಡಲೆಕಾಯಿ ಆಯಿತು, ಅವ್ವ ಫೋನ್ ಮಾಡಿದರೆ ಮೆಟ್ಟಿಲ ಹತ್ತಿರ ಹೋಗಿ ಮಾತಾಡುವುದು ರೂಢಿಯಾಯಿತು. ಯಾರೋ ಒಬ್ಬರು 'ಮೈಸೂರಿನವರಾ?' ಅಂದಾಗ ಒಳಗೊಳಗೇ ಖುಷಿಪಟ್ಟಿದ್ದೂ ಇದೆ, ಸುಳ್ಳು ಯಾಕೆ ಹೇಳಲಿ.

ಬಡಿಸುವ ಅಕ್ಕ 'ಯಾವೂರ ಆತ್ರಿ ನಿಮ್ದು?' ಅಂದಾಗಲೂ 'ಇಲ್ಲೇ ವಿಜಯನಗರ' ಅಂದೆ. ಅವರು ಮತ್ತೆ ಕೇಳಲಿಲ್ಲ. ಎರಡನೇ ರೊಟ್ಟಿ ಮುರಿಯುವ ಹೊತ್ತಿಗೆ ನನ್ನ ಬಾಯಿಂದ ಸುಮ್ನೆ 'ಅಕ್ಕಾರ, ಇನ್ನೊಂದೀಟ ಉಳ್ಳಾಗಡ್ಡಿ ಹಾಕ್ರಿ' ಅಂತ ಬಂದೇಬಿಟ್ಟಿತು. ಅವರು ತಂದಿಟ್ಟು, 'ವಿಜಯನಗರದಾಗ ಇದಕ್ಕ ಈರುಳ್ಳಿ ಅಂತಾರ್ರೀ' ಅಂದರು. ಮುಖದಲ್ಲಿ ನಗುವಿಲ್ಲ. ನನಗೆ ತಡೆಯೋಕಾಗದೆ ಜೋರಾಗಿ ನಕ್ಕೆ.

ಈಗ ವಾರಕ್ಕೆ 2 ಸಲ ಹೋಗುತ್ತೇನೆ. ಹೋದ ವಾರ ಆಫೀಸಿನವರನ್ನೂ ಕರೆದುಕೊಂಡು ಹೋಗಿದ್ದೆ, ಆ ಅಣಕಿಸುತ್ತಿದ್ದವನೂ ಇದ್ದ. ಊಟದ ನಡುವೆ ಅವ್ವನ ಫೋನ್ ಬಂತು. ಎದ್ದು ಹೋಗೋಣ ಅಂದರೆ ಕೈ ಎಂಜಲು, ಗೋಡೆ ಪಕ್ಕದ ಸೀಟು ಬೇರೆ. ಎಡಗೈಯಲ್ಲಿ ಸ್ಪೀಕರ್ ಹಾಕಿ 'ಉಣ್ಣಾಕತ್ತೀನಿ ಬೇ, ರೊಟ್ಟಿ' ಅಂದೆ. ಎಲ್ಲರೂ ಕೇಳಿಸಿಕೊಂಡರು. ಅವನು ಗುರೆಳ್ಳು ಚಟ್ನಿ ತೋರಿಸಿ ಇದಕ್ಕೇನಂತಾರೆ ಅಂತ ಕೇಳಿದ, ಅಷ್ಟೇ.

ಕೈ ತೊಳೆಯುವ ಜಾಗ ಇನ್ನೂ ಸ್ವಲ್ಪ ಕ್ಲೀನ್ ಆಗಿರಬೇಕಿತ್ತು. ಹೋಗುವುದಾದರೆ ಮಧ್ಯಾಹ್ನ 1 ಗಂಟೆಯೊಳಗೆ ಹೋಗಿ, ಪುಂಡಿ ಪಲ್ಯ ಮಾಡಿದ ದಿನ ಬೇಗ ಖಾಲಿಯಾಗುತ್ತದೆ.